‘ಸರ್, ಅಟೆಂಡೆನ್ಸ್ ಕೊಡಿ’ ಎಂದು ಕೇಳುವ ಬದಲು

ಪ್ರಶ್ನೆ: ನಾನು ತುಮಕೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಮೂರನೇ ಸೆಮಿಸ್ಟರ್ ಓದುತ್ತಿದ್ದೇನೆ. ನಮ್ಮದು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜು, ಸ್ವಾಯತ್ತ ಅಲ್ಲ. ಶಿರಾ ಹತ್ತಿರದ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತೇನೆ. ಅಕ್ಟೋಬರ್ 6ರಿಂದ 17ರವರೆಗೆ ಡೆಂಗಿ ಆಗಿ ಮಲಗಿದ್ದೆ. ಡೇಟಾ ಸ್ಟ್ರಕ್ಚರ್ಸ್‌ನಲ್ಲಿ ಇದುವರೆಗೆ 25 ಕ್ಲಾಸ್ ನಡೆದು ನನಗೆ 17 ಬಂದಿದೆ. ಹೋದ 8ರಲ್ಲಿ 5 ಜ್ವರದ್ದು, 3 ಬಸ್ ತಪ್ಪಿ ಮೊದಲ ಅವರ್ ಹೋದದ್ದು. ಅದೇ ವಿಷಯದ ಲ್ಯಾಬ್ 7 ನಡೆದಿದೆ, ನಾನು 4ಕ್ಕೆ ಹೋಗಿದ್ದೇನೆ. ಎರಡು ಜ್ವರದಲ್ಲಿ ಹೋಯಿತು, ಮೂರನೆಯದು ವಾಪಸ್ ಬಂದ ವಾರ ತಲೆಸುತ್ತು ಬಂದು ಮಧ್ಯಾಹ್ನ ಮನೆಗೆ ಹೋದದ್ದು. ಇನ್ನು ಐದು ವಾರ ಇದೆ. ಸರ್‌ಗೆ ಮೂರು ಸಲ ವಾಟ್ಸಾಪ್ ಮಾಡಿದೆ, ನೋಡಿದ್ದಾರೆ, ಉತ್ತರ ಇಲ್ಲ. ಎದುರಿಗೆ ಹೋದರೆ ಕ್ಲಾಸಿನಲ್ಲಿ ಎಲ್ಲರ ಮುಂದೆ ಬೈದು ಇಂಟರ್ನಲ್ಸ್ (ಕಾಲೇಜಿನಲ್ಲೇ ಕೊಡುವ ಅಂಕ) ಕಡಿಮೆ ಮಾಡುತ್ತಾರೆ ಅಂತ ಸೀನಿಯರ್‌ಗಳು ಹೆದರಿಸುತ್ತಾರೆ. ಬಸ್ಸಿನ ದಿನಗಳಿಗೂ ಸೇರಿಸಿ 500 ರೂಪಾಯಿಗೆ ಮೆಡಿಕಲ್ ಸರ್ಟಿಫಿಕೇಟ್ ಮಾಡಿಸಿಕೊಡುವವರು ಇದ್ದಾರಂತೆ. ಮನೆಯಲ್ಲಿ ಇನ್ನೂ ಹೇಳಿಲ್ಲ. ನಾನು ಯಾರ ಹತ್ತಿರ ಹೋಗಿ ಏನಂತ ಕೇಳಲಿ? ಡಿಟೇನ್ ಆಗುತ್ತೀನಾ, ಅಂದರೆ ಪರೀಕ್ಷೆಗೆ ಕೂರಿಸದೆ ತಡೆಯುತ್ತಾರಾ? (ಹೆಸರು ಬೇಡ)

ಉತ್ತರ:

ಡಿಟೇನ್ ಆಗದೆ ಉಳಿಯುವ ದಾರಿ ನಿಮಗಿನ್ನೂ ಇದೆ. ಆದರೆ ನೀವು ಹೆದರುತ್ತಿರುವುದು ಥಿಯರಿಗೆ, ನಿಜವಾಗಿ ಇಕ್ಕಟ್ಟು ಇರುವುದು ಲ್ಯಾಬಿನಲ್ಲಿ. ಇದು ಗೊತ್ತಾಗದೆ ಸ್ಟಾಫ್ ರೂಮಿಗೆ ಹೋದರೆ ತಪ್ಪು ವಿಷಯ ಕೇಳಿಕೊಂಡು ಬರುತ್ತೀರಿ. ಮೊದಲು ಲೆಕ್ಕ ಮಾಡೋಣ.

ವಿಟಿಯುನಲ್ಲಿ ಪ್ರತಿಯೊಂದು ವಿಷಯಕ್ಕೂ ಪ್ರತ್ಯೇಕವಾಗಿ ಶೇ 85 ಹಾಜರಾತಿ ಬೇಕು. ಎಲ್ಲ ವಿಷಯ ಕೂಡಿಸಿ ಸರಾಸರಿ ತೆಗೆಯುವುದಿಲ್ಲ. ಕಾಯಿಲೆಯಂಥ ಒಪ್ಪತಕ್ಕ ಕಾರಣವಿದ್ದರೆ ಪ್ರಾಂಶುಪಾಲರ ಶಿಫಾರಸಿನ ಮೇಲೆ ಶೇ 10ರವರೆಗೆ ಕೊರತೆ ಮನ್ನಾ ಮಾಡುವ ಅಧಿಕಾರ ಕುಲಪತಿಗಳಿಗಿದೆ. ಕಾಲೇಜಿನಲ್ಲಿ ಕಂಡೋನೇಷನ್ ಎನ್ನುವುದು ಇದನ್ನೇ. ಹಾಗಾಗಿ ಕೊನೆಯ ಗೆರೆ ಶೇ 75. ಅದಕ್ಕಿಂತ ಕೆಳಗೆ ಹೋದರೆ ಮನ್ನಾಕ್ಕೆ ಅರ್ಜಿ ಹಾಕುವ ಮಾತೇ ಇಲ್ಲ. (ಬಿಎ, ಬಿಕಾಂ ಓದುವ ಗೆಳತಿಯರು ‘ನಮಗೆ 75 ಸಾಕು’ ಎನ್ನುತ್ತಾರೆ. ಅದು ಅವರ ವಿಶ್ವವಿದ್ಯಾಲಯದ ನಿಯಮ. ಕಾನೂನು ಪದವಿಗೆ ಬಾರ್ ಕೌನ್ಸಿಲ್ ಇಟ್ಟಿರುವುದು 70, ವೈದ್ಯಕೀಯದಲ್ಲಿ ಥಿಯರಿಗೆ 75, ಪ್ರಾಕ್ಟಿಕಲ್‌ಗೆ 80. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಬರುವುದಿಲ್ಲ.)

ನಿಮ್ಮ ಡೇಟಾ ಸ್ಟ್ರಕ್ಚರ್ಸ್ ಥಿಯರಿ ಒಟ್ಟು 40 ಗಂಟೆಯ ವಿಷಯ. ಒಂದು ಗಂಟೆ ತಪ್ಪಿದರೆ ಎರಡೂವರೆ ಪರ್ಸೆಂಟ್ ಹೋಗುತ್ತದೆ. ಈಗ 25ಕ್ಕೆ 17, ಅಂದರೆ ಶೇ 68. ಉಳಿದ 15 ಗಂಟೆಗೂ ತಪ್ಪದೆ ಹೋದರೆ 40ಕ್ಕೆ 32, ಶೇ 80. ಇನ್ನೇನು ಮಾಡಿದರೂ 85 ಮುಟ್ಟುವುದಿಲ್ಲ, ಕಂಡೋನೇಷನ್ ಅರ್ಜಿ ಹಾಕಲೇಬೇಕು. ಆದರೆ 75ರ ಗೆರೆಗಿಂತ ಮೇಲಿರುತ್ತೀರಿ. ಅಲ್ಲಿ ನಿಮ್ಮ ಕೈಯಲ್ಲಿ ಇನ್ನು ಎರಡೇ ಗಂಟೆಯ ಸಲಿಗೆ ಇದೆ.

ಇನ್ನೊಂದು ಲೆಕ್ಕ ನೋಡಿ. ಬಸ್ಸಿನಿಂದ ಹೋದ ಆ ಮೂರು ಗಂಟೆ ಹೋಗದೇ ಇದ್ದಿದ್ದರೆ 40ಕ್ಕೆ 35, ಶೇ 87.5 ಆಗುತ್ತಿತ್ತು. ಡೆಂಗಿ ಬಂದರೂ ಥಿಯರಿಗೆ ಕಂಡೋನೇಷನ್ನೇ ಬೇಕಿರಲಿಲ್ಲ. ದಿನಾ ಊರಿಂದ ಓಡಾಡುವವರಲ್ಲಿ ಶಾರ್ಟೇಜ್ (ಹಾಜರಾತಿ ಕೊರತೆ) ಯಾವಾಗಲೂ ಮೊದಲ ಅವರ್ ಬೀಳುವ ವಿಷಯದಲ್ಲೇ ಯಾಕೆ ಎಂಬುದಕ್ಕೆ ಕಾರಣ ಇಷ್ಟೇ. ವಾರದಲ್ಲಿ ಎರಡು ಮೂರು ದಿನ ಒಂದೇ ವಿಷಯ ಬೆಳಗ್ಗೆ ಮೊದಲು ಬಂದರೆ ಏಟೆಲ್ಲ ಅದರ ಮೇಲೇ ಬೀಳುತ್ತದೆ.

ಈಗ ಲ್ಯಾಬ್. ಸೆಮಿಸ್ಟರಿಗೆ 12 ಸೆಷನ್ ಅಂತಿಟ್ಟುಕೊಂಡರೆ ಒಂದೊಂದೂ ಎಂಟು ಪರ್ಸೆಂಟಿಗಿಂತ ಹೆಚ್ಚು. ಲ್ಯಾಬ್ ಬೇರೆಯೇ ಕೋರ್ಸ್ ಆದ್ದರಿಂದ ಅದರ ಹಾಜರಾತಿಯೂ ಬೇರೆ. ಉಳಿದ ಐದಕ್ಕೂ ಹೋದರೆ ನಿಮಗೆ 12ಕ್ಕೆ 9, ಸರಿಯಾಗಿ ಶೇ 75, ಒಂದು ಕೂದಲೆಳೆಯೂ ಹೆಚ್ಚಿಲ್ಲ. ಇನ್ನೊಂದು ತಪ್ಪಿದರೆ 8, ಶೇ 66.7. ಅಲ್ಲಿಗೆ ಮುಗಿಯಿತು.

ಇದಕ್ಕಿಂತ ಕಣ್ಣಿಗೆ ಬೀಳದ ಅಪಾಯ ಒಂದಿದೆ. ನಿಮ್ಮ ತಪ್ಪಿಲ್ಲದೆ ರಜೆಯೊಂದು ಲ್ಯಾಬಿನ ದಿನವೇ ಬಂದು ಒಟ್ಟು 11 ಸೆಷನ್ ಮಾತ್ರ ನಡೆದರೆ? ಆಗ 11ಕ್ಕೆ 8, ಶೇ 72.7. ಎಲ್ಲರಿಗೂ ಖುಷಿ ಕೊಡುವ ಕನಕ ಜಯಂತಿ ರಜೆ ನಿಮ್ಮನ್ನು ಗೆರೆಯಿಂದ ಕೆಳಗೆ ತಳ್ಳಬಹುದು. ಆದ್ದರಿಂದ ನೀವು ಲ್ಯಾಬ್ ನೋಡಿಕೊಳ್ಳುವವರನ್ನು ಮೊದಲು ಕೇಳಬೇಕಾದ ಪ್ರಶ್ನೆ ಹಾಜರಾತಿಯದ್ದಲ್ಲ: ‘ಒಟ್ಟು ಎಷ್ಟು ಸೆಷನ್ ಆಗುತ್ತೆ? ನಮ್ಮ ಬ್ಯಾಚಿನ ದಿನ ರಜೆ ಬಂದರೆ ಬೇರೆ ದಿನ ಲ್ಯಾಬ್ ಇಡುತ್ತೀರಾ?’ ಬ್ಯಾಚಿಗೆ ತಪ್ಪಿದ ಸೆಷನ್ನನ್ನು ಶನಿವಾರವೋ ಬಿಡುವಿನ ಅವರಿನಲ್ಲೋ ನಡೆಸುವುದು ಹಲವು ವಿಭಾಗಗಳಲ್ಲಿ ನಡೆದುಕೊಂಡು ಬಂದದ್ದೇ. ಅದು ಇಡೀ ಬ್ಯಾಚಿನ ಸೆಷನ್ ಆಗಿ ದಾಖಲಾಗುವುದರಿಂದ ನಿಮಗೂ ಹಾಜರಾತಿ ಸಿಗುತ್ತದೆ. ಕೇಳುವವರು ಇಲ್ಲದಿದ್ದರೆ ಅದು ಹಾಗೇ ಬಿಟ್ಟುಹೋಗುತ್ತದೆ, ಅಷ್ಟೆ.

ಇನ್ನು ಮಾತಿನ ವಿಚಾರ. ಹೆಚ್ಚಿನವರು ಎಡವುವುದು ಇಲ್ಲಿ. ಮೇಷ್ಟ್ರ ಮುಂದೆ ನಿಂತು ‘ಸರ್, ಹೇಗಾದರೂ ಅಟೆಂಡೆನ್ಸ್ ಕೊಡಿ’ ಎನ್ನುತ್ತಾರೆ. ಬಾರದ ದಿನಕ್ಕೆ ಬಂದಿದ್ದಾರೆ ಎಂದು ಬರೆಯುವುದು ಅವರ ಕೈಯಲ್ಲಿ ಇಲ್ಲ. ಪೋರ್ಟಲ್‌ನಲ್ಲಿ ಹಾಕಿದ ಹಾಜರಾತಿಗೆ ಅವರೇ ಜವಾಬ್ದಾರರು. ಒಬ್ಬರಿಗೆ ತಿದ್ದಿದರೆ ನಾಳೆ ಅರವತ್ತು ಮಂದಿ ಬಾಗಿಲಲ್ಲಿ ನಿಲ್ಲುತ್ತಾರೆ. ನೀವು ಕೇಳಿದ್ದು ಅವರ ಕಿವಿಗೆ ‘ನನಗಾಗಿ ಸುಳ್ಳು ಬರೆಯಿರಿ’ ಎಂದು ಕೇಳಿಸುತ್ತದೆ. ಸಿಡುಕು ಬರುವುದು ಅಲ್ಲಿಂದ. ಸೀನಿಯರ್‌ಗಳು ಹೇಳುವ ಬೈಗುಳದ ಕಥೆಗಳಲ್ಲಿ ಬಹುಪಾಲು ಹುಟ್ಟಿರುವುದು ಇಂಥ ಕೋರಿಕೆಯಿಂದಲೇ ಎಂದು ನನ್ನ ಎಣಿಕೆ.

ವಿಷಯದ ಮೇಷ್ಟ್ರ ಕೈಯಲ್ಲಿ ಇರುವುದು ಬೇರೆ. ನೀವು ಕೂತಿದ್ದರೂ ಆಬ್ಸೆಂಟ್ ಬಿದ್ದಿದ್ದರೆ ಸರಿಪಡಿಸಬಹುದು. ತಪ್ಪಿದ ಪ್ರೋಗ್ರಾಮನ್ನು ಬೇರೆ ಬ್ಯಾಚಿನ ಜೊತೆ ಮಾಡಲು ಬಿಡಬಹುದು. ಅಸೈನ್‌ಮೆಂಟಿಗೆ ಎರಡು ದಿನ ಹೆಚ್ಚು ಕೊಡಬಹುದು. ಜ್ವರದಲ್ಲಿ ಇಂಟರ್ನಲ್ ಟೆಸ್ಟ್ ತಪ್ಪಿದ್ದರೆ ಮರುಟೆಸ್ಟಿಗೆ ಎಚ್‌ಒಡಿಗೆ (ವಿಭಾಗದ ಮುಖ್ಯಸ್ಥರಿಗೆ) ಶಿಫಾರಸು ಮಾಡಬಹುದು. ಅಗತ್ಯ ಬಿದ್ದಾಗ ‘ಈ ಹುಡುಗಿ ಆಮೇಲೆ ಒಂದು ಕ್ಲಾಸೂ ತಪ್ಪಿಸಿಲ್ಲ’ ಎಂದು ಒಂದು ಮಾತು ಹೇಳಬಹುದು. ಕಂಡೋನೇಷನ್ ಮೀಟಿಂಗಿನಲ್ಲಿ ಆ ಮಾತಿಗಿರುವ ತೂಕ ದೊಡ್ಡದು. ಇವುಗಳನ್ನು ಕೇಳಿ. ಮನ್ನಾದ ವಿಚಾರವನ್ನು ಕ್ಲಾಸ್ ಟೀಚರ್, ಮೆಂಟರ್, ಎಚ್‌ಒಡಿ ಮೂಲಕ ಪ್ರಾಂಶುಪಾಲರಿಗೆ ಲಿಖಿತವಾಗಿ ಕೇಳಿ.

ವಾಟ್ಸಾಪಿಗೆ ಉತ್ತರ ಬರಲಿಲ್ಲವೆಂದು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಎರಡು ಮೂರು ಸೆಕ್ಷನ್ ನೋಡುವವರಿಗೆ ‘ಸರ್ ನಾನು ಹುಷಾರಿಲ್ಲ’ ಎಂಬ ಸಂದೇಶ ದಿನಕ್ಕೆ ಹತ್ತು ಬರುತ್ತದೆ. ಯಾರು, ಯಾವ ಸೆಕ್ಷನ್, ಏನು ಬೇಕು ಒಂದೂ ಇರುವುದಿಲ್ಲ. ಉತ್ತರಿಸಲು ಅದರಲ್ಲಿ ಪ್ರಶ್ನೆಯೇ ಇರುವುದಿಲ್ಲ. ಕಾಲೇಜು ಕೊಟ್ಟ ಇಮೇಲ್ ಇದ್ದರೆ ಅದರಿಂದ ಕಳಿಸಿ, ದಾಖಲೆಯಾಗಿಯೂ ಉಳಿಯುತ್ತದೆ. ವಾಟ್ಸಾಪೇ ಆದರೂ ಹೀಗಿರಲಿ:

‘ಸರ್, ನಮಸ್ಕಾರ. ನಾನು ಮೂರನೇ ಸೆಮ್ ಬಿ ಸೆಕ್ಷನ್ (ಇಲ್ಲಿ ಹೆಸರು, ಪೂರ್ತಿ ಯುಎಸ್‌ಎನ್, ಅಂದರೆ ವಿಟಿಯು ಕೊಟ್ಟ ನೋಂದಣಿ ಸಂಖ್ಯೆ). ಡೆಂಗಿ ಆಗಿ ಅಕ್ಟೋಬರ್ 6ರಿಂದ 17ರವರೆಗೆ ಬರಲಾಗಲಿಲ್ಲ. ಲ್ಯಾಬಿನಲ್ಲಿ 4, 5, 6ನೇ ಪ್ರೋಗ್ರಾಮ್ ತಪ್ಪಿವೆ. ಮೂರರ ಕೋಡನ್ನೂ ಶುಕ್ರವಾರದೊಳಗೆ ರೆಕಾರ್ಡಿನಲ್ಲಿ ಬರೆದು ತರುತ್ತೇನೆ. ಬೇರೆ ಬ್ಯಾಚಿನವರ ಜೊತೆ ಕೂತು ರನ್ ಮಾಡಿ ತೋರಿಸಲು ಒಂದು ದಿನ ಕೊಡುತ್ತೀರಾ ಸರ್? ಈ ವಾರ ನಿಮಗೆ ಯಾವಾಗ ಬಿಡುವು ಅಂತ ತಿಳಿಸಿದರೆ ಸ್ಟಾಫ್ ರೂಮಿಗೆ ಬಂದು ಭೇಟಿ ಮಾಡುತ್ತೇನೆ.’

ಇದರಲ್ಲಿ ಕ್ಷಮಾಪಣೆಯ ಸಾಲುಗಳಿಲ್ಲ, ಜ್ವರದ ವರ್ಣನೆ ಇಲ್ಲ. ಯಾರು, ಯಾವಾಗ, ಏನು ತಪ್ಪಿತು, ನಾನೇನು ಮಾಡುತ್ತೇನೆ, ನಿಮ್ಮಿಂದ ಏನು ಬೇಕು, ಇಷ್ಟೇ. ಎರಡು ದಿನ ಉತ್ತರ ಬರದಿದ್ದರೆ ಮತ್ತೆ ಮೆಸೇಜ್ ಮಾಡುವ ಬದಲು ನೇರ ಹೋಗಿ. ಕ್ಲಾಸ್ ಮುಗಿಸಿ ಚಾಕ್‌ಪೀಸ್ ಕೈಯಲ್ಲಿ ಹಿಡಿದು ಮುಂದಿನ ಸೆಕ್ಷನ್ನಿಗೆ ಓಡುತ್ತಿರುವಾಗ ಕಾರಿಡಾರಿನಲ್ಲಿ ತಡೆಯಬೇಡಿ. ಮಧ್ಯಾಹ್ನದ ಕೊನೆಯ ಅವರ್ ಆದಮೇಲೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ‘ಸರ್, ಐದು ನಿಮಿಷ ಮಾತಾಡಬಹುದಾ?’ ಎಂದರೆ ಸಾಕು. ಗೆಳತಿಯರ ಗುಂಪು ಕಟ್ಟಿಕೊಂಡು ಹೋಗಬೇಡಿ, ಗುಂಪಿನ ಎದುರು ಯಾರೂ ಸಡಿಲ ಮಾತು ಆಡುವುದಿಲ್ಲ. ಕೈಯಲ್ಲಿ ಒಂದೇ ಹಾಳೆ ಇರಲಿ: ತಪ್ಪಿದ ದಿನಾಂಕ, ಅವರ್, ಕಾರಣ. ಬಸ್ಸಿನ ಮೂರು ದಿನವನ್ನೂ ಅದರಲ್ಲಿ ಬಸ್ ಎಂದೇ ಬರೆಯಿರಿ. ಎಲ್ಲವನ್ನೂ ಜ್ವರದ ಲೆಕ್ಕಕ್ಕೆ ಹಾಕದ ಹಾಳೆಯನ್ನು ನೋಡಿದ ಮೇಷ್ಟ್ರು ಉಳಿದದ್ದನ್ನೂ ನಂಬುತ್ತಾರೆ.

ಹೋಗುವ ಮೊದಲು ರೆಕಾರ್ಡ್ ಬರೆದಿರಿ. ನಾಲ್ಕನೆಯದು ಇನ್‌ಫಿಕ್ಸ್‌ನಿಂದ ಪೋಸ್ಟ್‌ಫಿಕ್ಸ್, ಐದರಲ್ಲಿ ಟವರ್ ಆಫ್ ಹನೋಯಿ, ಆರು ಸರ್ಕ್ಯುಲರ್ ಕ್ಯೂ. ಮೂರೂ ಮನೆಯಲ್ಲಿ ಜಿಸಿಸಿ ಕಂಪೈಲರ್ ಹಾಕಿಕೊಂಡು ರನ್ ಮಾಡುವಂಥವೇ. ಲ್ಯಾಪ್‌ಟಾಪ್ ಇಲ್ಲದಿದ್ದರೆ ಮೊಬೈಲಿನಲ್ಲೇ ನಡೆಯುವ ಸಿ ಕಂಪೈಲರ್ ಸಾಕು. ಬೇರೆ ಬ್ಯಾಚಿನ ಜೊತೆ ಮಾಡಿ ತೋರಿಸಿದರೆ ಆ ದಿನದ ಹಾಜರಾತಿ ಬರದೇ ಇರಬಹುದು, ಬರುತ್ತದೆ ಎಂದು ನಂಬಿಕೊಂಡು ಕೂರಬೇಡಿ. ಆದರೆ ಪ್ರತಿ ಪ್ರೋಗ್ರಾಮಿನ ಸಿಐಇ (ಇಂಟರ್ನಲ್ಸ್) ಅಂಕ ಉಳಿಯುತ್ತದೆ. ವಿಟಿಯುನಲ್ಲಿ 50ಕ್ಕೆ 20 ಸಿಐಇ ಬರದಿದ್ದರೆ ಹಾಜರಾತಿ ಪೂರ್ತಿ ಇದ್ದರೂ ಕೊನೆಯ ಪರೀಕ್ಷೆಗೆ ಕೂರಿಸುವುದಿಲ್ಲ. ಲ್ಯಾಬ್ ಪರೀಕ್ಷೆಯಲ್ಲಿ ಚೀಟಿ ಎತ್ತಿದಾಗ ಬರುವುದು ಈ ಮೂರರಲ್ಲೇ ಒಂದಾಗಲೂಬಹುದು.

ಇಂಟರ್ನಲ್ಸ್ ಕಡಿಮೆ ಮಾಡುತ್ತಾರೆ ಎಂಬ ಹೆದರಿಕೆಗೆ ಒಂದು ಮಾತು. ಟೆಸ್ಟಿನ ಉತ್ತರ ಪತ್ರಿಕೆ ನಿಮಗೆ ತೋರಿಸಿ ಸಹಿ ಮಾಡಿಸಿಕೊಂಡೇ ಅಂಕ ಕಳಿಸುವುದು ಕಾಲೇಜುಗಳ ಪದ್ಧತಿ. ಅಸೈನ್‌ಮೆಂಟ್, ರೆಕಾರ್ಡುಗಳ ಅಂಕವೂ ಬರಹದಲ್ಲಿ ಇರುತ್ತದೆ. ಅಂಕ ಹೋಗುವುದು ಹೆಚ್ಚಾಗಿ ಹೋಗಿ ಹೇಳಿದ್ದಕ್ಕಲ್ಲ, ಹೋಗದೆ ರೆಕಾರ್ಡ್ ಬಾಕಿ ಉಳಿಸಿಕೊಂಡದ್ದಕ್ಕೆ. ಆದರೂ ಕೆಲವರು ಎಲ್ಲರ ಮುಂದೆ ಬೈಯುವುದು ನಿಜ, ಅದನ್ನು ಇಲ್ಲವೆನ್ನುವುದಿಲ್ಲ. ನಿಮ್ಮ ಮೇಷ್ಟ್ರು ಅಂಥವರೇ ಆಗಿದ್ದರೆ ಮೊದಲು ಮೆಂಟರ್ ಹತ್ತಿರ ಹೋಗಿ. ವಿಷಯ ಅವರ ಮೂಲಕ ಮುಟ್ಟಲಿ.

ಮೆಡಿಕಲ್ ಸರ್ಟಿಫಿಕೇಟ್ ಬಗ್ಗೆ ಎರಡು ತಪ್ಪು ನಂಬಿಕೆಗಳು ಓಡಾಡುತ್ತಿವೆ. ಒಂದು, ಅದನ್ನು ಕೊಟ್ಟ ತಕ್ಷಣ ಆ ದಿನಗಳ ಹಾಜರಾತಿ ಬಂದುಬಿಡುತ್ತದೆ ಎಂಬುದು. ಇಲ್ಲ. ತಪ್ಪಿದ ಗಂಟೆ ತಪ್ಪಿದ್ದೇ. ಸರ್ಟಿಫಿಕೇಟ್ ಮಾಡುವುದು ಒಂದೇ ಕೆಲಸ: 75ಕ್ಕೂ 85ಕ್ಕೂ ನಡುವಿನ ಕೊರತೆಯನ್ನು ಮನ್ನಾ ಮಾಡಲು ಕಾರಣ ಒದಗಿಸುವುದು. ನಿಮ್ಮ ಲ್ಯಾಬ್ 72.7ಕ್ಕೆ ಇಳಿದರೆ ಎಂಥ ಆಸ್ಪತ್ರೆಯ ಕಾಗದವೂ ಮೇಲೆತ್ತುವುದಿಲ್ಲ. ಇನ್ನೊಂದು, ಯಾವ ಕಾಗದವಾದರೂ ನಡೆಯುತ್ತದೆ ಎಂಬುದು.

ಆ 500 ರೂಪಾಯಿಯ ಕಾಗದ ಬೇಡವೇ ಬೇಡ. ನಿಮಗೆ ನಿಜವಾಗಿ ಡೆಂಗಿ ಆಗಿದೆ, ರಕ್ತ ಪರೀಕ್ಷೆಯ ವರದಿಗಳಿವೆ. ನಿಜವಾದ ಕಾಗದಗಳ ಜೊತೆ ಒಂದು ಸುಳ್ಳು ಸೇರಿದರೆ ಎಲ್ಲವೂ ಸುಳ್ಳಿನ ಕಂತೆಯಾಗಿ ಕಾಣುತ್ತದೆ. ವೈದ್ಯರು ತಾವು ಕೊಟ್ಟ ಸರ್ಟಿಫಿಕೇಟುಗಳ ರಿಜಿಸ್ಟರ್ ಇಡಬೇಕೆಂಬ ನಿಯಮವಿದೆ. ನೋಂದಣಿ ಸಂಖ್ಯೆ ಹಿಡಿದು ಕ್ಲಿನಿಕ್ಕಿಗೆ ಒಂದು ಫೋನ್ ಮಾಡಿದರೆ ಬಣ್ಣ ಬಯಲಾಗುತ್ತದೆ. ಸಿಕ್ಕಿಬಿದ್ದರೆ ಅದು ಶಾರ್ಟೇಜ್ ವಿಚಾರವಾಗಿ ಉಳಿಯುವುದಿಲ್ಲ, ನಕಲಿ ದಾಖಲೆಯ ಶಿಸ್ತು ಕ್ರಮವಾಗುತ್ತದೆ, ಪೊಲೀಸರವರೆಗೂ ಹೋಗಬಹುದು. ಅಷ್ಟು ಅಪಾಯಕ್ಕೆ ಕೈಹಾಕಿ ನಿಮಗೆ ಸಿಗುವುದೇನು? ಬಸ್ಸಿನ ಮೂರು ಗಂಟೆ ಸೇರಿದರೂ ಸೇರದಿದ್ದರೂ ಥಿಯರಿಯ ಕೊರತೆ ಮನ್ನಾದ ಮಿತಿಯೊಳಗೇ ಇದೆ.

ನಿಜವಾದ ಕಡತ ಹೀಗಿರಲಿ. ಮೊದಲು ತೋರಿಸಿದ ದಿನದ ಒಪಿಡಿ ಚೀಟಿ. ಎನ್‌ಎಸ್1 ಎಂಬ ಡೆಂಗಿ ರಕ್ತ ಪರೀಕ್ಷೆಯ ವರದಿ (ಜ್ವರ ಬಂದ ಮೊದಲ ಐದು ದಿನದೊಳಗೆ ಮಾಡಿಸಿದ್ದರೆ ಅದರಲ್ಲೇ ಗೊತ್ತಾಗಿರುತ್ತದೆ). ಪ್ಲೇಟ್‌ಲೆಟ್ ಎಣಿಸಲು ಮತ್ತೆ ಮತ್ತೆ ಮಾಡಿಸಿದ ಸಿಬಿಸಿ ವರದಿಗಳನ್ನು ಎಸೆಯಬೇಡಿ. ಒಂದೊಂದರ ಮೇಲೂ ದಿನಾಂಕ ಇರುವುದರಿಂದ ಅವು ಸರ್ಟಿಫಿಕೇಟಿಗಿಂತ ಗಟ್ಟಿ ಸಾಕ್ಷಿ. ಅಡ್ಮಿಟ್ ಆಗಿದ್ದರೆ ಡಿಸ್ಚಾರ್ಜ್ ಸಮ್ಮರಿ. ಕೊನೆಗೆ ವೈದ್ಯರ ಸರ್ಟಿಫಿಕೇಟ್: ಕಾಯಿಲೆ, ಎಲ್ಲಿಂದ ಎಲ್ಲಿಯವರೆಗೆ ವಿಶ್ರಾಂತಿ, ವೈದ್ಯರ ನೋಂದಣಿ ಸಂಖ್ಯೆ, ಸಹಿ, ಮೊಹರು, ನಿಮ್ಮ ಸಹಿ. ವಾಪಸ್ ಬಂದ ವಾರದ ಆ ಒಂದು ಲ್ಯಾಬಿನ ವಿಚಾರವನ್ನೂ ನಿಮ್ಮನ್ನು ನೋಡಿದ ವೈದ್ಯರಿಗೆ ಹೇಳಿ. ಡೆಂಗಿ ಬಿಟ್ಟ ಮೇಲೂ ವಾರಗಟ್ಟಲೆ ಸುಸ್ತು ಇರುವುದು ಅವರಿಗೆ ಹೊಸದಲ್ಲ. ತಮ್ಮ ದಾಖಲೆ ನೋಡಿ ಏನು ಬರೆಯಲು ಸಾಧ್ಯವೋ ಅದನ್ನು ಅವರೇ ನಿರ್ಧರಿಸಲಿ. ಎಲ್ಲದರ ಜೆರಾಕ್ಸ್ ಕೊಡಿ, ಮೂಲ ಪ್ರತಿ ನಿಮ್ಮ ಬಳಿ ಇರಲಿ. ಅರ್ಜಿಯ ಎರಡನೇ ಪ್ರತಿಯ ಮೇಲೆ ಆಫೀಸಿನಲ್ಲಿ ಸ್ವೀಕೃತಿ ಸಹಿ, ದಿನಾಂಕ ಹಾಕಿಸಿಕೊಳ್ಳಿ. ಸೆಮಿಸ್ಟರ್ ಕೊನೆಯಲ್ಲಿ ನೋಟಿಸ್ ಬೋರ್ಡಿನಲ್ಲಿ ಶಾರ್ಟೇಜ್ ಪಟ್ಟಿ ಬಿದ್ದ ಮೇಲೆ ಕೊಟ್ಟ ಕಾಗದವನ್ನು ಯಾರೂ ಮನಸ್ಸಿಟ್ಟು ನೋಡುವುದಿಲ್ಲ. ಈ ವಾರವೇ ಕೊಡಿ.

ಮನ್ನಾ ಎಂಬುದು ಹಕ್ಕಲ್ಲ, ವಿವೇಚನೆಗೆ ಬಿಟ್ಟದ್ದು ಎಂಬುದನ್ನೂ ತಿಳಿದಿರಿ. ಎಲ್ಲ ಸರಿಯಿದ್ದರೂ ಸಿಗದೇ ಹೋಗಬಹುದು. ಸಿಗದಿದ್ದರೆ ಆ ವಿಷಯದ ಎಸ್‌ಇಇಗೆ (ಸೆಮಿಸ್ಟರ್ ಕೊನೆಯ ಪರೀಕ್ಷೆಗೆ) ಕೂರಲಾಗುವುದಿಲ್ಲ. ಫೇಲಾದವರು ಮುಂದಿನ ಸಲ ಪರೀಕ್ಷೆ ಬರೆದರೆ ಸಾಕು, ಹಾಜರಾತಿ ಕೊರತೆಯವರು ತರಗತಿಗೇ ಮತ್ತೆ ಕೂರಬೇಕು. ಅದು ವಿಷಯದ ಮಟ್ಟಿಗೋ ಇಡೀ ಸೆಮಿಸ್ಟರಿಗೋ ಎಂಬುದು ನೀವು ಸೇರಿದ ವರ್ಷದ ಸ್ಕೀಮಿನ ನಿಯಮದಲ್ಲಿ ಇರುತ್ತದೆ. ಆಫೀಸಿನಲ್ಲಿ ಕೇಳಿ ಓದಿಕೊಳ್ಳಿ. ಪರೀಕ್ಷಾ ಶುಲ್ಕ ಕಟ್ಟಿಸಿಕೊಂಡರೆ ಹಾಲ್ ಟಿಕೆಟ್ ಗ್ಯಾರಂಟಿ ಎನ್ನುವ ಮಾತನ್ನು ನಂಬಬೇಡಿ. ಊರಿನ ಮುಖಂಡರಿಂದ ಮ್ಯಾನೇಜ್‌ಮೆಂಟಿಗೆ ಫೋನ್ ಮಾಡಿಸುವ ಸಲಹೆಯೂ ನಿಮ್ಮ ಕಿವಿಗೆ ಬಿದ್ದೇ ಇರುತ್ತದೆ. ನಿಮ್ಮ ಪರ ಒಂದು ಮಾತು ಹೇಳಬೇಕಾದ ಮೇಷ್ಟ್ರು ಮೌನವಾಗಲು ಅದಕ್ಕಿಂತ ಸುಲಭದ ದಾರಿ ಇಲ್ಲ.

ಮನೆಯಲ್ಲಿ ಇವತ್ತೇ ಹೇಳಿ. ಕಂಡೋನೇಷನ್ ಅರ್ಜಿಗೂ ಮುಚ್ಚಳಿಕೆಗೂ ಸಾಮಾನ್ಯವಾಗಿ ತಂದೆ ಅಥವಾ ತಾಯಿಯ ಸಹಿ ಬೇಕಾಗುತ್ತದೆ. ಹಲವು ಕಾಲೇಜುಗಳು ಹಾಜರಾತಿಯನ್ನು ಅವರ ಫೋನಿಗೂ ಕಳಿಸುತ್ತವೆ. ಮಗಳು ಜ್ವರದಲ್ಲಿ ಮಲಗಿದ್ದನ್ನು ಕಣ್ಣಾರೆ ಕಂಡವರು ಅವರು. ಅವರಿಗೆ ನೋವಾಗುವುದು ಶಾರ್ಟೇಜಿಗಿಂತ ಅದು ಕಾಲೇಜಿನ ಮೆಸೇಜಿನಿಂದ ಗೊತ್ತಾದರೆ.

ಬಸ್ಸಿಗೂ ದಾರಿ ಹುಡುಕಲೇಬೇಕು, ಮುಂದಿನ ಸೆಮಿಸ್ಟರಿನಲ್ಲೂ ಅದೇ ಬಸ್ಸು. ನಿಮ್ಮ ಮಾರ್ಗದಲ್ಲಿ ಪಾಸ್ ಇರುವ ವಿದ್ಯಾರ್ಥಿಗಳೆಲ್ಲ ಸಹಿ ಹಾಕಿ, ಪಾಸ್ ಸಂಖ್ಯೆ ಬರೆದು, ಬೆಳಗಿನ ಟ್ರಿಪ್ಪನ್ನು ಇಪ್ಪತ್ತು ನಿಮಿಷ ಮುಂಚೆ ಬಿಡುವಂತೆ ಕೆಎಸ್ಆರ್‌ಟಿಸಿ ಡಿಪೋ ಮ್ಯಾನೇಜರಿಗೆ ಮನವಿ ಕೊಡಿ. ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಪ್ರಾಂಶುಪಾಲರ ಪತ್ರವೂ ಜೊತೆಗಿದ್ದರೆ ತೂಕ ಹೆಚ್ಚು. ಉಳಿದ ಐದು ವಾರದ ಮಟ್ಟಿಗೆ, ಮೊದಲ ಅವರ್ ಡೇಟಾ ಸ್ಟ್ರಕ್ಚರ್ಸ್ ಇರುವ ದಿನಗಳಲ್ಲಿ ತುಮಕೂರಿನಲ್ಲಿ ಗೆಳತಿಯ ಮನೆಯಲ್ಲೋ ನೆಂಟರಲ್ಲೋ ಹಿಂದಿನ ರಾತ್ರಿ ಉಳಿಯಲು ಆಗುತ್ತದಾ ನೋಡಿ.

ಹಾಜರಾತಿ ತಪ್ಪಾಗಿ ದಾಖಲಾಗಿ, ಲಿಖಿತವಾಗಿ ಕೇಳಿದರೂ ಎಚ್‌ಒಡಿ, ಪ್ರಾಂಶುಪಾಲರು ಸರಿಪಡಿಸದಿದ್ದರೆ ಮಾತ್ರ ಮುಂದಿನ ಮೆಟ್ಟಿಲು. ಯುಜಿಸಿಯ 2023ರ ನಿಯಮದಂತೆ ಕಾಲೇಜುಗಳಲ್ಲಿ ವಿದ್ಯಾರ್ಥಿಗಳ ಕುಂದುಕೊರತೆ ಸಮಿತಿ ಇರಬೇಕು, ದೂರು ಬಂದ 15 ಕೆಲಸದ ದಿನಗಳಲ್ಲಿ ಅದು ವರದಿ ಕೊಡಬೇಕು. ನಿಮ್ಮ ಪತ್ರದಲ್ಲಿ ಅಂಥ ತಪ್ಪೇನೂ ಕಾಣುತ್ತಿಲ್ಲ, ಆದರೂ ಪೋರ್ಟಲ್ ತೆರೆದು ಒಂದೊಂದು ದಿನವನ್ನೂ ತಾಳೆ ಹಾಕಿ. ಲ್ಯಾಬಿನ ಒಂದೇ ಒಂದು ತಪ್ಪು ಸಿಕ್ಕರೂ ನಿಮಗೆ ಎಂಟು ಪರ್ಸೆಂಟ್.

ಇದೇ ಪ್ರಶ್ನೆಯನ್ನು ಬೇರೆ ಕಾರಣಕ್ಕೆ ಓದುತ್ತಿರುವವರಿಗೂ ಒಂದು ಮಾತು. ಮುಟ್ಟಿನ ನೋವು, ಮನಸ್ಸಿನ ಕಾಯಿಲೆ, ಮನೆಯ ಗಲಾಟೆ, ಇಂಥದ್ದನ್ನು ವಿಷಯದ ಮೇಷ್ಟ್ರಿಗೆ ಬಿಡಿಸಿ ಹೇಳಬೇಕಿಲ್ಲ. ‘ವೈದ್ಯಕೀಯ ಕಾರಣ, ವಿವರ ಮೆಂಟರ್ ಮೇಡಂ ಬಳಿ ಇದೆ’ ಎಂದರೆ ಸಾಕು. ದಾಖಲೆಯನ್ನು ಮುಚ್ಚಿದ ಲಕೋಟೆಯಲ್ಲಿ ಪ್ರಾಂಶುಪಾಲರಿಗೆ ಕೊಡಬಹುದು. ರಾತ್ರಿ ನಿದ್ದೆಯೇ ಬಾರದಷ್ಟು ಆಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ನಿಮ್ಮ ಮಟ್ಟಿಗೆ ಸೋಮವಾರದ ಮೊದಲ ಕೆಲಸ ಲ್ಯಾಬಿನವರನ್ನು ಕಂಡು ಒಟ್ಟು ಸೆಷನ್ ಎಷ್ಟೆಂದು ಕೇಳುವುದು. 12 ಎಂದರೆ ಉಳಿದ ಐದೂ ದಿನಾಂಕವನ್ನು ಅವರೆದುರೇ ಬರೆದುಕೊಳ್ಳಿ. 11 ಎಂದರೆ ಅಲ್ಲಿಂದ ನೇರ ಎಚ್‌ಒಡಿ ಕೊಠಡಿಗೆ ಹೋಗಿ, ಬ್ಯಾಚಿಗೆ ಒಂದು ಹೆಚ್ಚುವರಿ ಲ್ಯಾಬ್ ಇಡುವಂತೆ ಬರೆದ ಅರ್ಜಿ ಕೊಡಿ. ಕಂಡೋನೇಷನ್ ಅರ್ಜಿ ಅದರ ಮಾರನೇ ದಿನವಾದರೂ ಆಗುತ್ತದೆ.